ಇದ್ದಿಲಿಗೆ ಯಾವ ನಕ್ಷತ್ರ

ನಮ್ಮ ಬೀದಿಯ ಇಸ್ತ್ರಿಯವನಿಗೆ ಮಳೆ ಬಂತೆಂದು ಗೊತ್ತಾಗುವುದು ಅದು ಮೈಮೇಲೆ ಬಿದ್ದ ಮೇಲೆಯೇ. ಮೊನ್ನೆ ಸಂಜೆಯೂ ಅಷ್ಟೇ, ಗಾಡಿಯ ಕೆಳಗಿಟ್ಟಿದ್ದ ಇದ್ದಿಲ ಚೀಲ ನೆನೆದು ತೊಪ್ಪೆಯಾದ ಮೇಲೆ ಗೋಣಿತಟ್ಟು ಹುಡುಕಿದ. ಸೀರೆ ಈಸಿಕೊಳ್ಳಲು ಹೋದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಒಣ ಇದ್ದಿಲಿಗೆ ವಾಸನೆಯೇ ಇಲ್ಲ. ಉರಿಯುವ ಇದ್ದಿಲಿನದು ಬೇರೆ. ನೆನೆದ ಇದ್ದಿಲು ಮಾತ್ರ ನೀರು ಹೊಯ್ದು ಆರಿಸಿದ ಒಲೆಯ ಹಾಗೆ ನಾರುತ್ತದೆ. "ಚೀಲ ಎತ್ತಿಡಬಾರ್ದೇನೋ, ಬುದ್ಧಿ ಇಲ್ವಾ ನಿಂಗೆ" ಎಂದು ಸುಮ್ಮಸುಮ್ಮನೆ ಗದರಿ ಮನೆಗೆ ಬಂದೆ. ಮೊಮ್ಮಗಳು, "ಪಾಪ, ಅವನೇನ್ ಮಾಡ್ದ ಅಜ್ಜಿ?" ಎಂದಳು. ಅವನೇನೂ ಮಾಡಿಲ್ಲ. ಮುಳಬಾಗಿಲಿನಲ್ಲಿ ನಾನು ಹುಟ್ಟಿದ ಮನೆಯ ದೇವರ ಕೋಣೆಯಲ್ಲಿ ಆ ವಾಸನೆಯನ್ನು ಒಂದು ಸಲ ಉಸಿರಾಡಿದ್ದೇನೆ, ಅಷ್ಟೇ.

ಎರಡನೇ ಮಹಾಯುದ್ಧದ ಕಾಲ ಅದು. ನನಗೆ ಹದಿನಾಲ್ಕು ವರ್ಷ. ಯುದ್ಧ ನಮ್ಮೂರಿಗೆ ಬಾಂಬಾಗಿ ಬರಲಿಲ್ಲ. ಅಕ್ಕಿ ಸಿಗದ ಹಾಗೆ ಬಂತು, ಸೀಮೆಎಣ್ಣೆಗೆ ಸಾಲು ನಿಲ್ಲುವ ಹಾಗೆ ಬಂತು. ಪೆಟ್ರೋಲ್ ಇಲ್ಲವೆಂದು ಕೋಲಾರದ ಬಸ್ಸಿನ ಬೆನ್ನಿಗೆ ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಕ್ಲೀನರ್ ಬೆಳಗಾಗೆದ್ದು ಗಾಳಿಚಕ್ರ ತಿರುಗಿಸಿ ಬೆಂಕಿ ಮಾಡಬೇಕು, ದಿಬ್ಬ ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ಇದೆಲ್ಲಕ್ಕಿಂತ ವಿಚಿತ್ರವೆಂದರೆ ಯುದ್ಧ ಗಡಿಯಾರದೊಳಗೂ ಬಂತು. ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿತು. ಬೆಳಿಗ್ಗೆ ಆರಾದರೆ ಏಳು ಎನ್ನಬೇಕು. ಕಛೇರಿ, ಸ್ಕೂಲು, ಬಸ್ಸು ಎಲ್ಲವೂ ಹೊಸ ಟೈಮಿಗೆ ಹೋದವು. ಊರಿನ ಜನ ಮಾತ್ರ "ಹಳೇ ಟೈಮೋ ಹೊಸ ಟೈಮೋ" ಎಂದು ಕೇಳಿಕೊಂಡೇ ದಿನ ತಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಪಡಸಾಲೆಯ ಗೋಡೆ ಗಡಿಯಾರ ತಾತನದು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಅವರೇ ಕೀಲಿ ಕೊಡಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಊರೆಲ್ಲ ಮುಳ್ಳು ತಿರುಗಿಸಿದ ದಿನ ಅಪ್ಪ ಕೇಳಿದ್ದಕ್ಕೆ ತಾತ, "ಯುದ್ಧ ಮಾಡೋರು ಅವ್ರು. ಸೂರ್ಯ ಏನು ಪಟಾಲಮ್ಮಿಗೆ ಸೇರ್ಕೊಂಡಿದ್ದಾನೇನೋ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ತಾತನ ಹಟಕ್ಕೆ ಕಾರಣವೂ ಇತ್ತೆನ್ನಿ. ನಮ್ಮದು ಪಂಚಾಂಗ ಹೇಳುವ ಮನೆತನ. ಇಂಥ ನಕ್ಷತ್ರ ಇಷ್ಟು ಗಳಿಗೆಯವರೆಗೆ ಎಂದು ಪಂಚಾಂಗದಲ್ಲಿರುತ್ತದೆ, ಆ ಗಳಿಗೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ಅದನ್ನು ಗಂಟೆಗೆ ಇಳಿಸಿ ಜನರಿಗೆ ಹೇಳುವುದು ತಾತನಿಂದ ಅಪ್ಪನಿಗೆ ಬಂದ ಕೆಲಸ. ಗೋಡೆಯ ಗಡಿಯಾರ ಹಳೇ ಟೈಮಿನಲ್ಲಿದ್ದರೆ ಅಪ್ಪನ ಲೆಕ್ಕಕ್ಕೆ ಸಲೀಸು. ಮದುವೆ ಮುಹೂರ್ತ, ಮಗುವಿನ ಜಾತಕ, ಬಾವಿ ತೋಡುವ ದಿನ ಎಲ್ಲಕ್ಕೂ ಜನ ಬರುತ್ತಿದ್ದರು. ಸಾವಿಗೂ ಬರುತ್ತಿದ್ದರು. ಯಾರಾದರೂ ಹೋದಾಗ ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಒಂದು ನಡೆಯುತ್ತಿದ್ದರೆ ಮನೆಗೇ ದೋಷ. ಬಾಗಿಲಿಗೆ ಬೀಗ ಹಾಕಿ, ಮುಳ್ಳಿನ ಕೊಂಬೆ ಅಡ್ಡವಿಟ್ಟು, ಸಂಸಾರವೆಲ್ಲ ಹೊರಗೆ ಹೋಗಬೇಕು. ಧನಿಷ್ಠೆಯಾದರೆ ಆರು ತಿಂಗಳು.

ಅಪ್ಪ ಈ ವಿಷಯದಲ್ಲಿ ಕಲ್ಲು. ಗಡಿಯಾರ ತಿರುಗಿಸುವುದಕ್ಕೂ ಹಿಂದಿನ ವರ್ಷ ಕಂಬಳಿ ನೇಯುವವರ ಚೌಡಮ್ಮನ ಗಂಡ ತೀರಿಕೊಂಡಿದ್ದ, ಧನಿಷ್ಠೆ ಹುಟ್ಟಿ ಇನ್ನೂ ಅರ್ಧ ಗಳಿಗೆಯೂ ಆಗಿರಲಿಲ್ಲ. ಚೌಡಮ್ಮ ನಮ್ಮ ಜಗಲಿಯ ಕೆಳಗೆ ಕೂತು, "ಅರ್ಧ ಗಳಿಗೆ ಹಿಂದಕ್ಕೆ ತಗಳ್ಳಿ ಸ್ವಾಮೀ, ಎಳೇ ಮಕ್ಳಿದಾವೆ, ಎಲ್ಲಿಗೋಗ್ಲಿ" ಎಂದು ಅತ್ತಳು. ಅಪ್ಪನ ಕಣ್ಣಲ್ಲೂ ನೀರಿತ್ತು. ಆದರೂ "ನಾನು ಹಿಂದಕ್ಕೆ ತಗೊಂಡ್ರೆ ನಕ್ಷತ್ರ ಹಿಂದಕ್ಕೆ ಹೋಗಲ್ಲಮ್ಮ" ಎಂದರು. ಅವಳು ಮನೆಗೆ ಮುಳ್ಳು ಹಾಕಿ ಹೊಲದ ಗುಡಿಸಲಿಗೆ ಹೋದಳು. ಆ ಚಳಿಗಾಲ ಅಲ್ಲೇ ಅವಳ ಚಿಕ್ಕ ಮಗಳು ಗಂಗಿ ಜ್ವರ ಬಂದು ಸತ್ತಳು. ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಹೇಳಿದ್ದು ತಪ್ಪೆಂದೂ ಅನ್ನಲಿಲ್ಲ.

ತಾತ ಮಲಗಿದ್ದು ಶ್ರಾವಣದಲ್ಲಿ. ಬಿಡದೆ ಸೋನೆ ಹಿಡಿದಿತ್ತು, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ತಾತನ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸುವುದು ನನ್ನ ಪಾಲಿಗೆ ಬಿತ್ತು. ಬೇರೆ ಯಾರು ಕುಡಿಸಿದರೂ ಉಗುಳುತ್ತಿದ್ದರು, ನಾನು ಕುಡಿಸಿದರೆ ನುಂಗಿ ಆಮೇಲೆ ಬೈಯುತ್ತಿದ್ದರು. ಸುದ್ದಿ ತಿಳಿದು ಬೆಂಗಳೂರಿನ ದಂಡಿನಲ್ಲಿ ಗುಮಾಸ್ತೆಯಾಗಿದ್ದ ಚಿಕ್ಕಪ್ಪ ಬಂದ. ಚಿಕ್ಕಪ್ಪ ಒಳ್ಳೆಯವನೇ. ಎಲ್ಲಿಗೆ ಬಂದರೂ ಏನನ್ನಾದರೂ ಸರಿಮಾಡದೆ ಇರಲಾರ, ಅದೊಂದೇ ಚಾಳಿ. ಬಂದವನೇ ಹಿತ್ತಲ ಬಾಗಿಲ ಅಗುಳಿಗೆ ಮೊಳೆ ಹೊಡೆದ, ಬಾವಿಯ ಗಡಗಡೆಗೆ ಎಣ್ಣೆ ಬಿಟ್ಟ.

ಮಾರನೆಯ ದಿನ ಉಪಾಕರ್ಮ. ನಮ್ಮ ಬೀದಿಯ ಗಂಡಸರು ಜನಿವಾರ ಬದಲಾಯಿಸುವುದು ಶ್ರವಣ ನಕ್ಷತ್ರದಲ್ಲಿ. ಹಾಗಾಗಿ ಶ್ರವಣ ಯಾವ ಹೊತ್ತಿನವರೆಗೆ ಇದೆ ಎಂದು ಅಪ್ಪ ವಾರದ ಮೊದಲೇ ಎಲ್ಲರಿಗೂ ಹೇಳಿದ್ದರು. ಹಳೇ ಟೈಮು ಮಧ್ಯಾಹ್ನ ಮೂರೂವರೆಯವರೆಗೆ ಶ್ರವಣ, ಆಮೇಲೆ ಧನಿಷ್ಠೆ. ಬೀದಿಯ ಹೆಂಗಸರಿಗೂ ಅದು ಬಾಯಿಪಾಠವಾಗಿತ್ತು.

ಆ ದಿನ ಸೂರ್ಯನ ಮುಖ ಕಾಣಲಿಲ್ಲ. ಅಮ್ಮ ಎರಡು ಸಲ ಗಡಿಯಾರ ನೋಡಿ, "ಅಯ್ಯೋ, ಇಷ್ಟು ಹೊತ್ತಾಯ್ತಾ, ಇನ್ನೂ ಎಸರಿಟ್ಟಿಲ್ಲ" ಎಂದು ತನ್ನನ್ನೇ ಬೈದುಕೊಂಡಳು. ನನಗಾದರೋ ಹಸಿವೇ ಆಗಿರಲಿಲ್ಲ. ಮನೆಯಲ್ಲಿ ಕಾಯಿಲೆಯಿದ್ದರೆ ಹಸಿವು ಎಲ್ಲಿಂದ ಬರಬೇಕು ಅಂದುಕೊಂಡೆ. ಊಟದ ಶಾಸ್ತ್ರ ಮುಗಿದು ಸ್ವಲ್ಪ ಹೊತ್ತಿಗೆ ತಾತನ ಉಸಿರು ಮೇಲಕ್ಕೆ ಬಂತು. ಅಪ್ಪನ ಕಡೆ ತಿರುಗಿ ಏನೋ ಹೇಳಲು ಹೋದರು, ಆಗಲಿಲ್ಲ. ನಾನು ಬಾಯಿಗೆ ಬಿಟ್ಟ ಗಂಗೆ ಕಟವಾಯಿಂದ ಇಳಿದು ದಿಂಬಿಗೆ ಹೋಯಿತು. ಅಪ್ಪ ತಲೆಯೆತ್ತಿ ಗಡಿಯಾರ ನೋಡಿದರು. ನಾಲ್ಕು. ಅಳುವುದಕ್ಕಿಂತ ಮುಂಚೆ ಅವರು ಮಾಡಿದ ಕೆಲಸ ಅದು.

ಬೀದಿಯವರು ಒಬ್ಬೊಬ್ಬರಾಗಿ ಬಂದರು. ಯಾರೂ ನಕ್ಷತ್ರ ಕೇಳಲಿಲ್ಲ, ಕೇಳಲು ಹಿಂಜರಿದರು. ಅಪ್ಪ ತಾವೇ ಎದ್ದು ನಿಂತು, "ಧನಿಷ್ಠೆ. ಮನೆ ಬಿಡ್ತೀವಿ" ಎಂದರು. ಆ ಹೊತ್ತಿಗೆ ನನಗೆ ಅವರ ಮೇಲೆ ಎಂಥ ಹೆಮ್ಮೆ ಬಂದಿತ್ತೆಂದರೆ, ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಸೂತಕದಲ್ಲೇ ಮನೆ ಮಾರುವ ಮಾತು ಎದ್ದಿತು. ಎತ್ತಿದ್ದು ಚಿಕ್ಕಪ್ಪ. ಅದುವರೆಗೆ ಅವನು ಪಾಲಿನ ಮಾತೇ ಆಡಿದವನಲ್ಲ. ದೋಷದ ಮನೆಯೆಂದ ಮೇಲೆ ಚಿಕ್ಕಮ್ಮ ಮಕ್ಕಳನ್ನು ಕಟ್ಟಿಕೊಂಡು ಹೊಸ್ತಿಲು ತುಳಿಯುವುದಿಲ್ಲವೆಂದಳು. "ಆರು ತಿಂಗಳು ಬಾಡಿಗೆ ಕಟ್ಟಬೇಕು. ವರ್ಷಾಂತರದವರೆಗೆ ನಿನ್ನನ್ನ ಯಾರೂ ಶುಭಕ್ಕೆ ಕರೆಯಲ್ಲ. ಏನು ತಿಂತೀಯ ಅಣ್ಣ?" ಎಂದು ಚಿಕ್ಕಪ್ಪ ಕೇಳಿದ. ಆದರೆ ಧನಿಷ್ಠೆಯಲ್ಲಿ ಸಾವಾದ ಮನೆಯನ್ನು ಊರಲ್ಲಿ ಯಾರು ಕೊಳ್ಳುತ್ತಾರೆ? ಹಾಗೆ ಕೊಳ್ಳಬಲ್ಲವನು, ಅದೂ ಕೂಡಲೇ ರೊಕ್ಕ ಎಣಿಸಿ ಕೊಳ್ಳಬಲ್ಲವನು, ಒಬ್ಬನೇ ಇದ್ದ.

ಇದ್ದಿಲು ಪಿಳ್ಳಪ್ಪ. ಯುದ್ಧಕ್ಕೆ ಮುಂಚೆ ತಲೆಯ ಮೇಲೆ ಸೌದೆ ಹೊತ್ತು ಮಾರುತ್ತಿದ್ದವನು. ಬಸ್ಸುಗಳೆಲ್ಲ ಇದ್ದಿಲು ತಿನ್ನಲು ಶುರುವಾದ ಮೇಲೆ ಎರಡು ಜೊತೆ ಎತ್ತಿನ ಗಾಡಿ ಇಟ್ಟಿದ್ದ. ಶ್ರೀನಿವಾಸಪುರದಿಂದ ಹಿಡಿದು ಕೋಲಾರದವರೆಗೆ ಬಸ್ಸಿನವರೆಲ್ಲ ಅವನ ಗಿರಾಕಿಗಳು. ಕೈಕಾಲಿನ ಗೆರೆಗಳಲ್ಲೆಲ್ಲ ಮಸಿ ಕೂತು, ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, "ಏಂ ಸ್ವಾಮಿ, ದೊಡ್ಡಯ್ನೋರು ವೆಳ್ಳಿಪೋಯಾರಂತೆ" ಎಂದು ತೆಲುಗು ಬೆರೆತ ಮಾತಿನಲ್ಲಿ ತಾತ ಹೋದದ್ದಕ್ಕೆ ನಿಜವಾಗಿಯೂ ಮರುಗಿದ. ಮನೆಯನ್ನು ಒಳಗೆ ಬಂದು ನೋಡಲೂ ಇಲ್ಲ. ಹೊರಗಿನಿಂದ ಸೂರು ನೋಡಿ, ಹಿತ್ತಲಲ್ಲಿ ಗಾಡಿ ತಿರುಗುತ್ತದೆಯೇ ಎಂದು ಹೆಜ್ಜೆ ಹಾಕಿ ನೋಡಿದ.

ಅಪ್ಪ, "ಪಿಳ್ಳಪ್ಪ, ನಿನಗೆ ಗೊತ್ತಿರಲಿ. ಇದು ಧನಿಷ್ಠೆ ದೋಷದ ಮನೆ" ಎಂದರು. ಹೇಳದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ನಾನೇನು ಇಲ್ಲಿ ಸಂಸಾರ ಮಾಡ್ತೀನಾ ಸ್ವಾಮಿ? ಇದ್ಲು ತುಂಬ್ತೀನಿ" ಎಂದ ಪಿಳ್ಳಪ್ಪ. "ಇದ್ಲಿಗೆ ಯಾವ ನಕ್ಸತ್ರ? ಸುಟ್ಟಾಗೋಗಿರೋದೇ ಅಲ್ವಾ, ಇನ್ನೇನು ದೋಸ ತಗಲ್ತದೆ."

ಅವನು ಹೇಳಿದ ಬೆಲೆ ಮನೆಯ ಯೋಗ್ಯತೆಗೆ ಅರ್ಧವೂ ಇರಲಿಲ್ಲ. ಆದರೆ ಬೇರೊಂದು ಬೆಲೆ ಹೇಳುವವರೇ ಇರಲಿಲ್ಲವಲ್ಲ. ಮುಂದಿನ ವಾರ ರಿಜಿಸ್ಟ್ರಾರ್ ಆಫೀಸಿಗೆ ಬರುವುದಾಗಿ ಮಾತಾಯಿತು.

ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅಜ್ಜಿ. ಎಂಟು ವರ್ಷದ ಮದುವಣಗಿತ್ತಿಯಾಗಿ ಆ ಹೊಸ್ತಿಲು ದಾಟಿದವಳು. ಅಡಿಗೆಮನೆಯ ನೆಲದಲ್ಲಿ ಹೂತಿದ್ದ ಒರಳಿಗೂ ಅವಳಿಗೂ ಒಂದೇ ವಯಸ್ಸೆಂದು ನಾವು ರೇಗಿಸುತ್ತಿದ್ದೆವು. ಗಂಡ ಹೋದ ದುಃಖದಲ್ಲೂ ಅವಳಿಗಿದ್ದದ್ದು ಒಂದೇ ಆಸೆ: ದೋಷ ಕಳೆದ ಮೇಲೆ ತನ್ನ ಮನೆಗೆ ಮರಳಿ, ತಾತ ಮಲಗಿದ್ದ ಪಡಸಾಲೆಯಲ್ಲೇ ಕಣ್ಣು ಮುಚ್ಚಬೇಕು. ಮಾರುವ ವಿಷಯವನ್ನು ಅಪ್ಪ ಅವಳ ಕಾಲ ಬಳಿ ಕೂತು ಬಿಡಿಸಿ ಹೇಳಿದರು. ಅವಳು ಎಲ್ಲವನ್ನೂ ಕೇಳಿ, "ಆಗ್ಲಿ ಕಣೋ ಸುಬ್ಬಣ್ಣ, ಆರು ತಿಂಗಳು ಕಳೀಲಿ" ಎಂದಳು. ಹದಿಮೂರನೆಯ ದಿನದ ಊಟವಾಗಿ ಮನೆ ಬಿಟ್ಟಾಗ ತಾನೇ ಬೀಗ ಹಾಕಿ, ಗೇಣುದ್ದದ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ ಬಾಗಿಲಿಗೆ ಜಾಲಿಯ ಕೊಂಬೆ ಅಡ್ಡವಿಟ್ಟರು. ಚೌಡಮ್ಮ ಬೀದಿಯ ಆ ತುದಿಯಲ್ಲಿ ನಿಂತು ನೋಡುತ್ತಿದ್ದಳು.

ಕೆರೆಯ ಕಡೆ ಒಂದು ದನದ ಹಟ್ಟಿಗೆ ಅಂಟಿದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಚಿಕ್ಕಪ್ಪ ಅಲ್ಲೂ ಸುಮ್ಮನೆ ಕೂರಲಿಲ್ಲ. ಗೋಡೆಗೆ ಗೂಟ ಹೊಡೆದು ತಾತನ ಗಡಿಯಾರ ತೂಗುಹಾಕಿದ. ಸೂತಕದ ಗಲಾಟೆಯಲ್ಲಿ ಕೀಲಿ ಕೊಡುವವರಿಲ್ಲದೆ ಅದು ಎಂದೋ ನಿಂತುಹೋಗಿತ್ತು.

"ಇದಕ್ಕೆ ನನ್ನ ಕೈಯೇ ಆಗ್ಬೇಕು. ಅವತ್ತೂ ಹೀಗೇ ನಿಂತಿತ್ತು, ನಾನೇ ಅಲ್ವಾ ಓಡ್ಸಿದ್ದು" ಎಂದ ಚಿಕ್ಕಪ್ಪ.

ಚಾಪೆ ಬಿಡಿಸುತ್ತಿದ್ದ ಅಪ್ಪ, "ಅವತ್ತು ಅಂದ್ರೆ ಯಾವತ್ತೋ?" ಎಂದರು.

"ನಾನು ಬಂದ ದಿನ. ಅಪ್ಪ ಮಲಗಿದ ಮೇಲೆ ಯಾರೂ ಕೀಲಿ ಕೊಟ್ಟಿರ್ಲಿಲ್ಲ. ಕೀಲಿ ಕೊಟ್ಟು ಇಟ್ಟೆ."

"ಯಾವ ಟೈಮಿಗಿಟ್ಟೆ?"

ಚಿಕ್ಕಪ್ಪ ನಗುತ್ತಲೇ ಕೈಗಡಿಯಾರ ಮುಂದೆ ಚಾಚಿದ. "ಸರಿಯಾದ ಟೈಮಿಗೇ. ಕಛೇರಿ ಗಂಟೆ ಹೊಡೀತಲ್ಲ, ಅದಕ್ಕೂ ಇದಕ್ಕೂ ತಾಳೆ ನೋಡಿ..." ಎಂದವನ ಮಾತು ಅಲ್ಲಿಗೇ ನಿಂತಿತು.

ಅಂದರೆ ಹೊಸ ಟೈಮು. ಅಪ್ಪ ಹಳೇ ಟೈಮೆಂದು ನಂಬಿ ನೋಡಿದ ಗಡಿಯಾರ ಒಂದು ಗಂಟೆ ಮುಂದಿತ್ತು. ತಾತ ಹೋದಾಗ ನಿಜವಾಗಿ ಆಗಿದ್ದದ್ದು ನಾಲ್ಕಲ್ಲ, ಮೂರು. ಶ್ರವಣ ಇನ್ನೂ ಅರ್ಧ ಗಂಟೆ ಇತ್ತು. ಮನೆಗೆ ಯಾವ ದೋಷವೂ ಇರಲಿಲ್ಲ. ವರ್ಷಾನುಗಟ್ಟಲೆ ಊರಿಗೆಲ್ಲ ಗಳಿಗೆ ಹೇಳಿದ ತಾತ, ಒಳ್ಳೆಯ ನಕ್ಷತ್ರ ನೋಡಿಕೊಂಡೇ ಹೋಗಿದ್ದರು.

ಅಮ್ಮನ ಮುಖ ಬೆಳಗಿತು. "ಇನ್ನೇನು ಮತ್ತೆ! ಮುಳ್ಳು ತೆಗೆದು ಮನೆಗೆ ಹೋಗೋಣ ನಡೀರಿ. ಪಿಳ್ಳಪ್ಪನಿಗೆ ಬೇಡ ಅಂತ ಹೇಳಿದ್ರಾಯ್ತು, ಇನ್ನೂ ರುಜು ಮಾಡಿಲ್ವಲ್ಲ" ಎಂದಳು. ನಾನು ಆಗಲೇ ಪಾತ್ರೆಗಳನ್ನು ಕುಕ್ಕೆಗೆ ತುಂಬತೊಡಗಿದ್ದೆ.

ಅಪ್ಪ ಅಲುಗಲಿಲ್ಲ. ಚಿಕ್ಕಪ್ಪನೇ ಮೆಲ್ಲಗೆ, "ಅತ್ತಿಗೆ, ಜನ ಏನಂತಾರೆ ಗೊತ್ತಾ? ಮನೆ ಅಗ್ಗಕ್ಕೆ ಹೋಗ್ತಿದೆ ಅಂತ ಶಾಸ್ತ್ರಿಗಳು ಅಪ್ಪನ ನಕ್ಷತ್ರಾನೇ ಬದಲಾಯಿಸಿದ್ರು ಅಂತಾರೆ" ಎಂದ.

"ಊರಿಗೆಲ್ಲ ನಕ್ಷತ್ರ ಹೇಳೋರಿಗೆ ನಮ್ಮನೆ ನಕ್ಷತ್ರ ಹೇಳೋಕೆ ಬಾಯಿಲ್ವಾ? ಸುಳ್ಳು ಹೇಳಿ ಅಂತ ಯಾರು ಅಂದ್ರು, ನಿಜ ಹೇಳಿ" ಎಂದು ಅಮ್ಮ ಅತ್ತೇಬಿಟ್ಟಳು. ಅವಳು ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂಲೆಯಲ್ಲಿ ಕೂತಿದ್ದ ಅಜ್ಜಿಗೆ ಕಿವಿ ಸ್ವಲ್ಪ ಮಂದ. ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡು ಕೊನೆಗೆ ಕೇಳಿದಳು: "ಹಾಗಾದ್ರೆ ಆ ಒಂದು ಗಂಟೆ ಎಲ್ಲಿಗೆ ಹೋಯ್ತೋ ಸುಬ್ಬಣ್ಣ?"

"ಸರ್ಕಾರ ತಗೊಂಡಿದೆ ಅಮ್ಮ."

"ವಾಪಸ್ ಕೊಡಲ್ವೇನೋ?"

"ಯುದ್ಧ ಮುಗಿದ ಮೇಲೆ ಕೊಡ್ತಾರಂತೆ" ಎಂದರು ಅಪ್ಪ. ಬೇರೇನು ಹೇಳಲೂ ಅವರಿಗೆ ತೋಚಲಿಲ್ಲವೆಂದು ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಅಪ್ಪ ಕೊಡೆ ತೆಗೆದುಕೊಂಡು, "ಶಾರದ, ಬಾ" ಎಂದು ನನ್ನನ್ನು ಕರೆದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲವೆಂದು ಈಗ ಅನಿಸುತ್ತದೆ. ನಾವು ಹೋದದ್ದು ಪಿಳ್ಳಪ್ಪನಲ್ಲಿಗಲ್ಲ, ಚೌಡಮ್ಮನ ಮನೆಗೆ. ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದು. "ಅವಳು ಒಪ್ಪಿದರೆ ಊರಿಗೆ ಹೇಳ್ತೀನಿ. ಅವಳು ಒಪ್ಪದೆ ಆ ಮನೆ ಬೀಗ ತೆಗೆಯೋಕೆ ನನ್ನ ಕೈಯಲ್ಲಿ ಆಗಲ್ಲ."

ಚೌಡಮ್ಮ ಸೂರಿನ ಕೆಳಗೆ ಕೂತು ಉಣ್ಣೆ ನೂಲುತ್ತಿದ್ದಳು. ನಮ್ಮನ್ನು ನೋಡಿ ಗಾಬರಿಯಾಗಿ ಎದ್ದು, ಸೆರಗಿನಿಂದ ಜಗಲಿ ಒರೆಸಿದಳು. ಅಪ್ಪ ಕೂರಲಿಲ್ಲ. ಗಡಿಯಾರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮುಹೂರ್ತ ಹೇಳುವಾಗ ಗುಡುಗುತ್ತಿದ್ದ ದನಿ ಅವತ್ತು ಮೇಲೇಳಲೇ ಇಲ್ಲ. ನನಗೆ ಕಾಲಡಿಯ ನೆಲ ನೋಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಅವಳು ಪೂರ್ತಿ ಕೇಳಿ, "ಅಂಗಾರೆ ದೊಡ್ಡಯ್ನೋರು ಒಳ್ಳೇ ನಕ್ಸತ್ರದಾಗೆ ಓದ್ರಾ ಸ್ವಾಮೀ?" ಎಂದಳು.

"ಹೌದಮ್ಮ."

"ಸಂತೋಸ ಸ್ವಾಮಿ. ನೀವು ಸುಳ್ಳೇಳೋರಲ್ಲ. ಅದ್ಕೇ ಅಲ್ವಾ, ನೀವು ಓಗು ಅಂದಾಗ ನಾವು ಓಗಿದ್ದು."

ಕೈ ಮತ್ತೆ ನೂಲಿನ ಕಡೆ ಹೋಯಿತು. ಎಳೆ ಹಿಡಿಯಲು ನೋಡಿದಳು, ಸಿಗಲಿಲ್ಲ. ತಲೆಯೆತ್ತದೆ ಹೇಳಿದಳು. "ನಮ್ಗೂ ಯಾರಾನ ಒಂದು ಗಂಟೆ ಉಡುಕಿ ಕೊಟ್ಟಿದ್ರೆ ನಮ್ ಗಂಗಿ ಇರ್ತಿದ್ಲೇನೋ."

ಅವಳು ಚುಚ್ಚಲೆಂದು ಆ ಮಾತು ಆಡಲಿಲ್ಲ. ಚುಚ್ಚಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು, ಸಿಟ್ಟಾದರೂ ಬರುತ್ತಿತ್ತು. ಅವಳು ನಮ್ಮ ಮಾತನ್ನು ನಂಬಿದ್ದಳು. ಮನೆಗೆ ಹೋಗಿ ಸ್ವಾಮಿ ಎಂದೂ ಹೇಳಿದಳು. ಅಪ್ಪ ಕೈಮುಗಿದರು. ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ನಡೆದರು. ನಾನು ಹಿಂದೆ ಓಡಿದೆ. ಬೀದಿ ತಿರುಗುವಲ್ಲಿ ನಿಂತು, "ಮನೆ ಹೋಯ್ತು ಶಾರದ" ಎಂದರು.

ಅವಳು ನಂಬಿದ ಮೇಲೆ ಇನ್ನೇನು ಅಡ್ಡಿ ಎಂದು ನಾನು ವಾದಿಸಿದೆ. ಅಪ್ಪ ಮತ್ತೆ ನಡೆಯತೊಡಗಿದರು. ನನಗೆ ಅವರ ಮೇಲಿನ ಕೋಪ ಈ ವಯಸ್ಸಿನಲ್ಲೂ ಪೂರ್ತಿ ಇಳಿದಿಲ್ಲ. ತಮ್ಮ ತಪ್ಪಿಗೆ ಅವರು ತೆತ್ತ ಬೆಲೆಯಲ್ಲಿ ಅಜ್ಜಿಯ ಪಾಲೂ ಇತ್ತಲ್ಲ, ಅವಳನ್ನು ಯಾರು ಕೇಳಿದರು? ಆದರೆ ಗಂಗಿಯ ತಾಯಿಯ ಮುಂದೆ ಹಾದು ಆ ಬಾಗಿಲ ಮುಳ್ಳು ತೆಗೆಯಬೇಕಾಗಿದ್ದವರು ಅವರು, ನಾನಲ್ಲ. ಅಷ್ಟು ನನಗೂ ಗೊತ್ತು.

ಪಿಳ್ಳಪ್ಪ ಹೇಳಿದ ದಿನ ಹೇಳಿದ ರೊಕ್ಕ ತಂದ, ಒಂದು ಕಾಸು ಹೆಚ್ಚು ಕಡಿಮೆ ಮಾಡಲಿಲ್ಲ. ಅಪ್ಪ ರುಜು ಹಾಕಿದರು. ಚಿಕ್ಕಪ್ಪ ತನ್ನ ಪಾಲು ತೆಗೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ಹತ್ತುವಾಗ ಚಿಕ್ಕ ಮಗುವಿನ ಹಾಗೆ ಬಿಕ್ಕಿದ. ಆಮೇಲೆ ಅವನು ನಮ್ಮಲ್ಲಿಗೆ ಬಂದಾಗಲೆಲ್ಲ ಯಾವುದನ್ನೂ ಸರಿಮಾಡುತ್ತಿರಲಿಲ್ಲ. ಬಾಗಿಲು ಕಿರುಗುಟ್ಟಿದರೂ ಕೇಳಿಸದವನ ಹಾಗೆ ಕೂತಿರುತ್ತಿದ್ದ.

ಹಳೆಯ ಬೀಗ ತುಕ್ಕು ಹಿಡಿದಿದೆಯೆಂದು ಪಿಳ್ಳಪ್ಪ ಅದನ್ನು ಒಡೆದು ಹೊಸದು ಹಾಕಿಕೊಂಡ. ಹಾಗಾಗಿ ಕೀಲಿಕೈಯನ್ನು ಯಾರೂ ಕೇಳಲಿಲ್ಲ. ಅದು ಅಜ್ಜಿಯ ಸೊಂಟದಲ್ಲೇ ಉಳಿಯಿತು. ಆರು ತಿಂಗಳು ಕಳೆಯಿತು, ಇನ್ನೊಂದು ಮಳೆಗಾಲ ಬಂತು. ಅಪ್ಪ ಶ್ರಾದ್ಧ ಮಾಡಿಸಲು ಹೋಗುತ್ತಿದ್ದರು, ಜಾತಕ ಬರೆಯುತ್ತಿದ್ದರು. ಸಾವಿನ ನಕ್ಷತ್ರ ಕೇಳಲು ಯಾರಾದರೂ ಬಂದರೆ ಮಾತ್ರ ಒಳಗೆ ಹೋಗಿ ಮಲಗಿಬಿಡುತ್ತಿದ್ದರು. ಬಂದವರು ನಿಂತು ನಿಂತು ಬೇರೆ ಪುರೋಹಿತರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅಜ್ಜಿ ಕಾಣೆಯಾದಳು. ಎಲ್ಲಿರುತ್ತಾಳೆಂದು ನನಗೆ ಗೊತ್ತಿತ್ತು. ಓಡಿಹೋದೆ. ನಮ್ಮ ಮನೆಯ ಬಾಗಿಲು ಹಾರುಹೊಡೆದಿತ್ತು, ಕೂಲಿಯವರು ಮಂಕರಿಯಲ್ಲಿ ಇದ್ದಿಲು ಹೊರುತ್ತಿದ್ದರು. ಪಡಸಾಲೆಯಲ್ಲಿ ತಾತನ ಮಂಚವಿದ್ದ ಜಾಗದಿಂದ ಸೂರಿನವರೆಗೆ ಇದ್ದಿಲು. ಒರಳು ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಅಜ್ಜಿ ದೇವರ ಕೋಣೆಯ ಮುಂದೆ ನಿಂತಿದ್ದಳು. ಹೆಂಚು ಒಡೆದು ನೀರು ಸೋರಿ, ದೀಪದ ಗೂಡಿನ ಕೆಳಗೆ ಸುರಿದಿದ್ದ ಇದ್ದಿಲೆಲ್ಲ ನೆನೆದಿತ್ತು. ಅಲ್ಲಿ ಬರುತ್ತಿದ್ದ ವಾಸನೆಯೇ ನಾನು ಮೊದಲು ಹೇಳಿದ್ದು.

ಪಿಳ್ಳಪ್ಪ ಓಡಿ ಬಂದು, "ಮಸಿ ಆಗ್ತದೆ ಅಮ್ಮಯ್ಯ, ಈಚೆ ಬನ್ನಿ" ಎಂದು ಅವಳು ಕೂರಲು ತನ್ನ ಹೆಗಲ ಮೇಲಿನ ವಸ್ತ್ರ ಹಾಸಿದ. ಅಜ್ಜಿ ಕೂರಲಿಲ್ಲ. "ನೀನು ಇದನ್ನೆಲ್ಲ ಯಾವಾಗ ಖಾಲಿ ಮಾಡ್ತೀಯಪ್ಪ?" ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ಆಮೇಲೆ, "ಯುದ್ಧ ಮುಗೀಲಿ ಅಮ್ಮಯ್ಯ" ಎಂದ. ಅವನದೂ ಕೆಟ್ಟ ಮನಸ್ಸಲ್ಲ. ಮುದುಕಿಗೆ ಏನಾದರೂ ಒಂದು ಹೇಳಬೇಕಲ್ಲ.

ಅಪ್ಪ ಹೇಳಿದ್ದೂ ಅದೇ, ಪಿಳ್ಳಪ್ಪ ಹೇಳಿದ್ದೂ ಅದೇ. ಹೀಗೆ ನಮ್ಮ ಅಜ್ಜಿ ಯುದ್ಧ ಮುಗಿಯುವುದನ್ನು ಕಾಯತೊಡಗಿದಳು. ಮನೆಗೆ ಬಂದು ಅಂಗಾಲು ತೊಳೆಯಲು ಹೋದರೆ ನನ್ನ ಕೈ ತಳ್ಳಿದಳು. ಎರಡು ದಿನ ಆ ಕರಿಕಾಲಿನಲ್ಲೇ ಓಡಾಡಿದಳು. ಜರ್ಮನಿ ಎಲ್ಲಿದೆ, ಜಪಾನು ಎಲ್ಲಿದೆ ಒಂದೂ ತಿಳಿಯದವಳು, ಪೇಪರು ಓದಿ ಬಂದವರನ್ನೆಲ್ಲ ತಡೆದು, "ಮುಗೀತೇನಪ್ಪಾ?" ಎಂದು ಕೇಳುತ್ತಿದ್ದಳು.

ಕೊನೆಗೂ ಮುಗಿಯಿತು. ಅದಾಗಿ ಸ್ವಲ್ಪ ದಿನಕ್ಕೆ, ನವರಾತ್ರಿಯ ಸುಮಾರಿನಲ್ಲಿ, ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ಇಡಬೇಕೆಂದು ಸರ್ಕಾರ ಸಾರಿತು. ತಾತನ ಗಡಿಯಾರ ಆ ಬಾಡಿಗೆ ಕೋಣೆಯ ಗೋಡೆಯಲ್ಲಿ ಹೊಸ ಟೈಮಿನಲ್ಲೇ ಓಡುತ್ತಿತ್ತು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ, ಅಮ್ಮನೇ ಕೀಲಿ ಕೊಡುತ್ತಿದ್ದಳು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಯಂತ್ರ ಕೆಡುತ್ತದೆ. ಲೋಲಕ ಹಿಡಿದು ನಿಲ್ಲಿಸಿ, ಒಂದು ಗಂಟೆ ಕಾದು, ಮತ್ತೆ ತಳ್ಳಬೇಕು. ಅಮ್ಮ ಹಾಗೇ ನಿಲ್ಲಿಸಿದಳು.

ಟಿಕ್ ಟಿಕ್ ನಿಂತಾಗ ಮಂದ ಕಿವಿಯ ಅಜ್ಜಿಗೆ ಹೇಗೆ ತಿಳಿಯಿತೋ. "ಯಾಕೆ ನಿಲ್ಸಿದೆ?" ಎಂದಳು.

"ಸರ್ಕಾರ ಆ ಒಂದು ಗಂಟೆ ವಾಪಸ್ ಕೊಟ್ಟಿದೆ ಅತ್ತೆ" ಎಂದಳು ಅಮ್ಮ. ಬಾಯಿ ತಪ್ಪಿ ಬಂದ ಮಾತು. ಆಡಿದವಳೇ ತುಟಿ ಕಚ್ಚಿದಳು.

ಅಜ್ಜಿ ಗೋಡೆ ಹಿಡಿದುಕೊಂಡು ಎದ್ದಳು. ಮಡಿಸಿಟ್ಟಿದ್ದ ಇನ್ನೊಂದು ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡಳು. ತಾತನ ಪಂಚಪಾತ್ರೆ ಉದ್ಧರಣೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಸೊಂಟದಿಂದ ಆ ಗೇಣುದ್ದದ ಕೀಲಿಕೈ ತೆಗೆದು, ಬಾಗಿಲ ಬಳಿ ಕೂತಿದ್ದ ಅಪ್ಪನ ಮುಂದೆ ಹಿಡಿದಳು.

"ಎದ್ದೇಳೋ ಸುಬ್ಬಣ್ಣ. ಕತ್ತಲಾಗೋಕೆ ಮುಂಚೆ ಹೋದ್ರೆ ಒಂದು ಸಲ ಗುಡಿಸಿಕೊಳ್ಳಬಹುದು."

ಅಪ್ಪ ಏಳಲಿಲ್ಲ. ಕೀಲಿಕೈಯನ್ನು ಎರಡೂ ಕೈಯಲ್ಲಿ ಈಸಿಕೊಂಡು ಹಣೆಗೆ ಒತ್ತಿಕೊಂಡರು. ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟು ಕಾದಳು. ಕಾಲು ಸೋತಾಗ ಹೊಸ್ತಿಲ ಮೇಲೆ ಕೂತಳು, ಗಂಟು ಬಿಚ್ಚಲಿಲ್ಲ. ಹೊತ್ತಾದ ಮೇಲೆ ಅಮ್ಮ ಸ್ಟೂಲು ಹತ್ತಿ ಲೋಲಕ ತಳ್ಳಿದಳು.